ಮಾಲೀಕರನ್ನು ಕರೆಯಿರಿ

ನಿಮ್ಮ ಮನೆಯ ಸ್ಕೂಟರಿನ ಆರ್.ಸಿ.ಯನ್ನು ನೀವು ಯಾವತ್ತಾದರೂ ಕೈಯಲ್ಲಿ ಹಿಡಿದು ಓದಿದ್ದೀರಾ? ಓದಿರಲಾರಿರಿ. ನಾನೂ ಹದಿನೈದು ವರ್ಷ ಓದಿರಲಿಲ್ಲ. ಒಡವೆಯ ಡಬ್ಬಿ ಬೀರುವಿನ ಯಾವ ಅರೆಯ ಯಾವ ಮೂಲೆಯಲ್ಲಿದೆ ಎಂದು ಕತ್ತಲಲ್ಲೂ ಹೇಳಬಲ್ಲೆವು. ದಿನಾ ಜೀವ ಒತ್ತೆಯಿಟ್ಟು ಏರುವ ಗಾಡಿಯ ಕಾಗದ ಎಲ್ಲಿದೆ ಎಂದು ಕೇಳಿದರೆ ಮಾತ್ರ, "ಅವರನ್ನ ಕೇಳಬೇಕು."

ನನ್ನ ಸ್ಕೂಟಿ 2009ರ ಏಪ್ರಿಲಿನದು. ಚೀಟಿ ಎತ್ತಿದ ಹಣದಲ್ಲಿ ಕೊಂಡದ್ದು. ಅದು ನನ್ನ ಹೆಸರಿನಲ್ಲಿ ಇರುವುದು ನನ್ನ ಜಾಣತನದಿಂದೇನಲ್ಲ. ಆ ವಾರ ನಮ್ಮ ಯಜಮಾನರು ಲೋಕಸಭಾ ಚುನಾವಣೆಯ ಡ್ಯೂಟಿ ಮೇಲೆ ಬೇರೆ ತಾಲ್ಲೂಕಿಗೆ ಹೋಗಿದ್ದರು. ಅಂಗಡಿಯವನು ಸಹಿಗೆ ಅವಸರ ಮಾಡಿದ, ನಾನೇ ಹಾಕಿದೆ. ಬಂದ ಮೇಲೆ ಅವರು, "ನನ್ನ ಹೆಸರಲ್ಲಿ ಮಾಡಿಸಬಹುದಿತ್ತಲ್ಲ" ಎಂದು ಒಂದು ಮಾತು ಅಂದರು, ಅಷ್ಟೆ. ಸಿಟ್ಟಿನಿಂದ ಅಂದದ್ದಲ್ಲ. ಹಾಲಿನವನ ಲೆಕ್ಕ ನನ್ನದು, ಗಾಡಿಯ ಲೆಕ್ಕ ಅವರದು ಎಂಬ ರೂಢಿಯಲ್ಲಿ ಅಂದದ್ದು.

ಖಾಸಗಿ ಗಾಡಿಯ ನೋಂದಣಿಗೆ ಹದಿನೈದು ವರ್ಷ ಆಯುಸ್ಸು. 1988ರ ಮೋಟಾರು ವಾಹನ ಕಾಯ್ದೆ ಹಾಗೆ ಹೇಳುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಅವಧಿ ಮುಗಿಯುವ ಮುಂಚಿನ 60 ದಿನದೊಳಗೆ 25ನೇ ನಮೂನೆಯಲ್ಲಿ ಅರ್ಜಿ ಹಾಕಬೇಕು. ತಡವಾದರೆ ದ್ವಿಚಕ್ರಕ್ಕೆ ತಿಂಗಳಿಗೆ 300 ರೂಪಾಯಿ ದಂಡ. ನವೀಕರಣದ ಶುಲ್ಕ 2022ರ ಮಾರ್ಚ್ ತನಕ 300 ಇದ್ದದ್ದು ಏಪ್ರಿಲಿನಿಂದ 1000 ಆಯಿತು. ಅದರ ಮೇಲೆ ನಮ್ಮ ರಾಜ್ಯದ ಹಸಿರು ತೆರಿಗೆ 250. ಹದಿನೈದು ವರ್ಷದಲ್ಲಿ ನನ್ನ ಸ್ಕೂಟಿ ಓಡಿದ್ದು ಇಪ್ಪತ್ತೊಂಬತ್ತು ಸಾವಿರ ಕಿಲೋಮೀಟರು, ನಮ್ಮಣ್ಣನ ಮಗನ ಬೈಕು ಎರಡೇ ವರ್ಷದಲ್ಲಿ ಓಡುವಷ್ಟು. ಸವೆತ ನೋಡದೆ ವಯಸ್ಸು ಮಾತ್ರ ನೋಡುವ ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಆದರೆ ಇವತ್ತಿನ ಜಗಳ ಅದಲ್ಲ.

2024ರ ಮಾರ್ಚಿನಲ್ಲಿ, ಹತ್ತನೇ ತರಗತಿಯ ಪರೀಕ್ಷೆಯ ಗಡಿಬಿಡಿಯ ನಡುವೆ ಅರ್ಧ ದಿನ ರಜೆ ಹಾಕಿ ಕಚೇರಿಗೆ ಹೋದೆ. ಗೇಟಿನಲ್ಲೇ ಒಬ್ಬ ಅಡ್ಡ ಬಂದ. "ಮೂರೂವರೆ ಸಾವಿರ ಕೊಡಿ ಮೇಡಂ. ನೀವೂ ಬರೋದು ಬೇಡ, ಗಾಡಿನೂ ಬರೋದು ಬೇಡ." ಗಾಡಿಯನ್ನು ನೋಡದೆ ಗಾಡಿ ಗಟ್ಟಿಮುಟ್ಟಾಗಿದೆ ಎಂದು ಬರೆದುಕೊಡುವುದು! ಉತ್ತರ ಪತ್ರಿಕೆ ಬಿಚ್ಚದೆ ಅಂಕ ಹಾಕಿದರೆ ನಮ್ಮ ಕೆಲಸ ಹೋಗುತ್ತದೆ. ಅವನನ್ನು ದಾಟಿ ಕಿಟಕಿಗೆ ಹೋದೆ. ಒಳಗಿದ್ದವರು ಕಾಗದ ತಿರುವಿ ಹಾಕಿ, ತಲೆಯೆತ್ತದೆ, "ಮಾಲೀಕರನ್ನ ಕರೀರಿ" ಅಂದರು.

"ನಾನೇ" ಅಂದೆ.

"ಯಜಮಾನರು ಬಂದಿಲ್ವಾ?"

"ಗಾಡಿಯ ಯಜಮಾನಿ ಬಂದಿದ್ದಾಳೆ."

ಹಿಂದೆ ನಿಂತಿದ್ದ ಗಂಡಸರು ನಕ್ಕರು. ಅವರೂ ನಕ್ಕು ಹೆಸರು ಓದಿಕೊಂಡರು. ಕೆಟ್ಟವರೇನಲ್ಲ ಪಾಪ. ಆ ಕಿಟಕಿಗೆ ದಿನವೂ ಬರುವ ನೂರು ಕಾಗದದಲ್ಲಿ ಹೆಂಗಸಿನ ಹೆಸರು ಎಷ್ಟರಲ್ಲಿ ಇದ್ದೀತು? ಅವರಿಗೆ ಆ ಅಭ್ಯಾಸ ಮಾಡಿಸಿದವರು ನಾವು.

ಆಮೇಲಿನದು ಸಲೀಸು. ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯಬೇಕು. ಚಿಕ್ಕಂದಿನಲ್ಲಿ ನಾಲ್ಕಾಣೆಯ ಮೇಲೆ ಕಾಗದವಿಟ್ಟು ಉಜ್ಜುತ್ತಿದ್ದೆವಲ್ಲ, ಅದೇ ವಿದ್ಯೆ. ಇನ್‌ಸ್ಪೆಕ್ಟರು ಬಂದು ಬ್ರೇಕು, ಹಾರನ್ನು, ದೀಪ ನೋಡಿದರು. ಎಡಗಡೆಯ ಕನ್ನಡಿ ಇರಲಿಲ್ಲ, ಎದುರಿನ ಅಂಗಡಿಯಿಂದ ತಂದು ಹಾಕಿಸಿದೆ. ಹೊಗೆ ತಪಾಸಣೆಯ ಚೀಟಿ, ವಿಮೆಯ ಕಾಗದ ಕೊಟ್ಟೆ. ಮುಗಿಯಿತು.

ಆ ವಿಮೆಯ ಕಾಗದವನ್ನು, ಸರತಿಯಲ್ಲಿ ಹೊತ್ತು ಹೋಗದೆ, ಮೊದಲ ಸಲ ಪೂರ್ತಿ ಓದಿದೆ. ಅದರಲ್ಲಿ ವೈಯಕ್ತಿಕ ಅಪಘಾತದ್ದು ಎಂದು ಒಂದು ಸಾಲು ಇದೆ. ಈ ವಿಮೆಯ ಮೊತ್ತವನ್ನು 2018ರಲ್ಲಿ 15 ಲಕ್ಷಕ್ಕೆ ಏರಿಸಿದರು. ಇದು ಯಾರಿಗೆ ಸಿಗುತ್ತದೆ ಗೊತ್ತೇ? 'ಮಾಲೀಕ-ಚಾಲಕ'ನಿಗೆ. ಆರ್.ಸಿ.ಯಲ್ಲೂ ಪಾಲಿಸಿಯಲ್ಲೂ ಅವನದೇ ಹೆಸರಿರಬೇಕು, ಲೈಸೆನ್ಸೂ ಇರಬೇಕು. ಈಗ ಲೆಕ್ಕ ಹಾಕಿ. ಗಾಡಿ ಗಂಡನ ಹೆಸರಿನಲ್ಲಿ. ಓಡಿಸುವವಳು ನೀವು, ಕಂತು ಕಟ್ಟುವುದೂ ಎಷ್ಟೋ ಸಲ ನಿಮ್ಮ ಸಂಬಳದಿಂದಲೇ. ನಾಳೆ ತಿರುವಿನಲ್ಲಿ ಮರಳು ಜಾರಿ ನೀವು ಬಿದ್ದರೆ, ದೇವರು ಹಾಗೆ ಮಾಡದಿರಲಿ, ಆ ಸಾಲಿನ ಹದಿನೈದು ಲಕ್ಷ ನಿಮ್ಮ ಮಕ್ಕಳಿಗಿಲ್ಲ. ಮನೆಯಲ್ಲಿ ಕುಳಿತು ಪೇಪರು ಓದುತ್ತಿರುವವರ ಜೀವಕ್ಕೆ ನೀವು ವಿಮೆ ಕಟ್ಟಿದ್ದೀರಿ, ಆ ಗಾಡಿಯನ್ನು ಅವರು ಹತ್ತುವುದೇ ಇಲ್ಲ. ಇದನ್ನು ಓದಿದ ಮೇಲೆ ಆ ಸರತಿಯಲ್ಲಿ ನನಗೆ ಬೆನ್ನು ನೋವು ಗೊತ್ತಾಗಲಿಲ್ಲ.

"ಹೆಸರಲ್ಲೇನಿದೆ ಟೀಚರ್, ಅವರೇನು ಕಿತ್ತುಕೊಳ್ತಾರಾ?" ಎಂದು ನಮ್ಮ ಸ್ಟಾಫ್‌ರೂಮಿನಲ್ಲಿ ಕೇಳಿದರು. ಬದುಕಿರುವವರು ಕಿತ್ತುಕೊಳ್ಳುವುದಿಲ್ಲ, ನಿಜ. ನಮ್ಮ ಬೀದಿಯ ಒಬ್ಬಾಕೆಯ ಗಂಡ 2021ರಲ್ಲಿ ಕೋವಿಡ್ಡಿನಲ್ಲಿ ಹೋದರು. ಆಕೆ ಅಂಗನವಾಡಿಗೆ ಹೋಗಿ ಬರುತ್ತಿದ್ದ ಗಾಡಿ ಅವರ ಹೆಸರಿನಲ್ಲಿತ್ತು. ಸಾವಿನ ಸುದ್ದಿಯನ್ನು ಮೂವತ್ತು ದಿನದೊಳಗೆ ತಿಳಿಸಬೇಕು, ಮೂರು ತಿಂಗಳೊಳಗೆ 31ನೇ ನಮೂನೆಯಲ್ಲಿ ವರ್ಗಾವಣೆ ಕೇಳಬೇಕು ಎಂದು ನಿಯಮವಿದೆ. ತಾಳಿ ಬಿಚ್ಚಿದ ಮನೆಯಲ್ಲಿ ಮೂವತ್ತನೇ ದಿನಕ್ಕೆ ಯಾರು ನಮೂನೆ ಹುಡುಕುತ್ತಾರೆ? ಆಕೆ ಎದ್ದು ಓಡಾಡುವ ಹೊತ್ತಿಗೆ ವಂಶವೃಕ್ಷ ತನ್ನಿ ಎಂದರು. ನಾಡಕಚೇರಿಗೆ ಅಲೆದು ತಂದರು. ವಂಶವೃಕ್ಷದಲ್ಲಿ ಅತ್ತೆಯ ಹೆಸರೂ ಇರುತ್ತದೆ. ಹಿಂದೂ ಉತ್ತರಾಧಿಕಾರದಲ್ಲಿ ಹೆಂಡತಿ ಮಕ್ಕಳ ಜೊತೆಗೆ ತಾಯಿಯೂ ಮೊದಲ ವರ್ಗದ ವಾರಸುದಾರಳು, ಅದು ನ್ಯಾಯವೂ ಹೌದು. ಆದರೆ ಆ ಅತ್ತೆ ಕಿರಿಯ ಮಗನ ಮನೆಯಲ್ಲಿದ್ದರು. ಹೆಬ್ಬೆಟ್ಟು ಒತ್ತಬೇಡಮ್ಮ ಎಂದು ಆ ಮಗ ಹೇಳಿಕೊಟ್ಟ. ಮನೆಯ ಪಾಲಿನ ಸಿಟ್ಟನ್ನು ಸ್ಕೂಟರಿನ ಮೇಲೆ ತೀರಿಸಿದ. ಈಗ ನೋಂದಣಿಯ ಅವಧಿಯೂ ಮುಗಿದಿದೆ. ಗಾಡಿ ತೆಂಗಿನ ಗರಿಯ ಕೆಳಗೆ ನಿಂತಿದೆ, ಸೀಟಿನೊಳಗೆ ಇಲಿ ಮರಿ ಹಾಕಿವೆ. ಆಕೆ ಐದು ಕಿಲೋಮೀಟರು ಆಟೋ ಕಾಯುತ್ತಾರೆ. ಆ ಗಾಡಿಯ ಸಾಲದ ಕಂತನ್ನು ತೀರಿಸಿದವರೂ ಆಕೆಯೇ.

ಗಂಡಸರನ್ನು ಬೈಯುವುದು ನನ್ನ ಉದ್ದೇಶವಲ್ಲ. ಬೈಯಬೇಕಾದ್ದು ನಮ್ಮನ್ನೇ ಮೊದಲು. ಸ್ಕೂಟಿ ಬಂದಾಗ ನಾವು ಬಣ್ಣ ಆರಿಸಿದೆವು, ಕುಂಕುಮ ಇಟ್ಟೆವು, ನಿಂಬೆಹಣ್ಣು ಚಕ್ರಕ್ಕೆ ಸಿಕ್ಕಿಸಿದೆವು. ಕಾಗದ ಬಂದಾಗ, "ನೀವೇ ನೋಡ್ಕೊಳ್ಳಿ, ನನಗೆ ಅದೆಲ್ಲ ತಿಳಿಯಲ್ಲ" ಎಂದೆವು. ಬಿ.ಎ., ಬಿ.ಎಡ್. ಮಾಡಿ, ಮಕ್ಕಳಿಗೆ ಸಂವಿಧಾನ ಪಾಠ ಹೇಳುವ ನಾನೂ ಅಂದವಳೇ. ತಿಳಿಯಲ್ಲ ಎನ್ನುವುದು ನಮಗೊಂದು ನಯವಾದ ಸೋಮಾರಿತನ. ಎರಡು ಹಾಳೆಯ ನಮೂನೆ ಅದು. ಊರಿನ ಸಂಘದ ಸಾಲದ ಪುಸ್ತಕ ಇದಕ್ಕಿಂತ ಕಷ್ಟ, ಅದನ್ನು ನಾವು ಬೆರಳ ತುದಿಯಲ್ಲಿ ಲೆಕ್ಕ ಹಾಕುವುದಿಲ್ಲವೇ?

ಗಂಡನಿಂದ ಹೆಂಡತಿಗೆ ಬದಲಿಸಲು 29, 30ನೇ ನಮೂನೆ. ಇಬ್ಬರೂ ಬದುಕಿರುವಾಗ ಎರಡು ಸಹಿಯ ಕೆಲಸ. ಬದಲಿಸುವುದು ಬೇಡ ಎನ್ನುವವರು ನಾಮಿನಿಯನ್ನಾದರೂ ಬರೆಸಲಿ. 2021ರಿಂದ ಆರ್.ಸಿ.ಗೂ ನಾಮಿನಿ ಹೆಸರಿಸುವ ಅವಕಾಶವಿದೆ, ಬ್ಯಾಂಕಿನ ಖಾತೆಗೆ ಇದ್ದ ಹಾಗೆ. ಆದರೆ ಓಡಿಸುವವಳು ನೀವೇ ಆಗಿದ್ದರೆ ನಾಮಿನಿ ಯಾಕೆ? ಹೆಸರೇ ಬರಲಿ.

ನಮ್ಮ ಶಾಲೆಯಲ್ಲಿ ಸ್ಕೂಟರಿನಲ್ಲಿ ಬರುವ ಟೀಚರುಗಳು ಒಂಬತ್ತು ಜನ. ಒಂದು ದಿನ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಎಲ್ಲರ ಕಾಗದ ತರಿಸಿದೆ. ಸ್ವಂತ ಹೆಸರಿನಲ್ಲಿ ಇದ್ದದ್ದು ನನ್ನದೂ ಸೇರಿ ಎರಡು. ಒಬ್ಬಳದು ಮೈದುನನ ಹೆಸರಿನಲ್ಲಿ, ಅವಳಿಗೇ ಅದು ಗೊತ್ತಿರಲಿಲ್ಲ. ಒಬ್ಬಳ ನೋಂದಣಿ ಮುಗಿದು ಏಳು ತಿಂಗಳಾಗಿತ್ತು.

ನನ್ನದು ಈಗ 2029ರ ತನಕ ನಡೆಯುತ್ತದೆ. ಆಗ ಅದಕ್ಕೆ ಇಪ್ಪತ್ತು ತುಂಬುತ್ತದೆ, ನನಗೆ ನಿವೃತ್ತಿ. ಇಪ್ಪತ್ತು ದಾಟಿದ ದ್ವಿಚಕ್ರದ ನವೀಕರಣಕ್ಕೆ 2025ರ ಆಗಸ್ಟಿನಲ್ಲಿ 2000 ರೂಪಾಯಿ ಮಾಡಿದ್ದಾರೆ, ಅದನ್ನು ಆಗ ನೋಡೋಣ. ಸದ್ಯಕ್ಕೆ ಆ ಏಳು ಜನರಲ್ಲಿ ಮೂವರು ನಮೂನೆ ತುಂಬಿದ್ದಾರೆ. ಇಬ್ಬರು ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದಿದ್ದಾರೆ. ಒಬ್ಬಳ ಗಂಡ ಯುಗಾದಿ ಕಳೆಯಲಿ ಎಂದನಂತೆ. ಮೈದುನನ ಹೆಸರಿನವಳು ಇನ್ನೂ ಬಾಯಿ ಬಿಟ್ಟಿಲ್ಲ.