ಬನ್ನೇರುಘಟ್ಟಕ್ಕೆ ಹೋಗೋಣ, ‘ಕಾಡು ನೋಡಿ ಬಂದೆವು’ ಅನ್ನೋದು ಮಾತ್ರ ಬೇಡ



ಹೋದ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಸಭಾಂಗಣದಲ್ಲಿ ನಡೆದ ಯುವಜನರ ಸಭೆಯಲ್ಲಿ ನಾನು ಎದ್ದು ನಿಂತು ಆಕ್ಷೇಪ ಹೇಳಿದ್ದು ನಿಜ. ಸಂಜೆ ಹೊತ್ತಿಗೆ ಆ ಮಾತು ‘ಲೀಡರ್ರೇ ಪಿಕ್‌ನಿಕ್ ಬೇಡ ಅಂದ್ರಂತೆ’ ಎಂದು ಎಲ್ಲರ ಮನೆ ಮುಟ್ಟಿತ್ತು. ನಮ್ಮಮ್ಮನೇ ಕೇಳಿದರು, ‘ಮಕ್ಕಳು ವರ್ಷಕ್ಕೊಂದು ಸಲ ಹೊರಗೆ ಹೋಗ್ತಾವೆ, ಅದಕ್ಕೂ ನಿಂದು ಅಡ್ಡಗಾಲಾ?’ ಅಂತ. ನಾನು ಪಿಕ್‌ನಿಕ್ ಬೇಡ ಅನ್ನಲಿಲ್ಲ. ಬೋರ್ಡಿನ ಮೇಲೆ ಬರೆದಿದ್ದ ಶೀರ್ಷಿಕೆ ಸುಳ್ಳು ಅಂದೆ. ಅಲ್ಲಿ ಬರೆದಿದ್ದು ಹೀಗೆ: ‘ಪ್ರಕೃತಿ ಅಧ್ಯಯನ ಶಿಬಿರ – ಬನ್ನೇರುಘಟ್ಟ ಸಫಾರಿ’.

ಹೋದ ವರ್ಷವೂ ಇದೇ ಹೆಸರಿನಲ್ಲಿ ಹೋಗಿದ್ದೆವು. ಬೆಳಿಗ್ಗೆ ಆರಕ್ಕೆ ಹೊಸೂರು ಬಿಟ್ಟು, ಅತ್ತಿಬೆಲೆ, ಆನೇಕಲ್, ಜಿಗಣಿ ದಾಟಿ, ದಾರಿಯಲ್ಲಿ ಇಡ್ಲಿ ತಿಂದು, ಟಿಕೆಟ್ ಸಾಲಿನಲ್ಲಿ ನಿಂತು, ಕಿಟಕಿಗೆ ಜಾಲರಿ ಹಾಕಿದ ಬಸ್ಸು ಹತ್ತಿದೆವು. ಒಂದು ಗೇಟು ತೆರೆಯುತ್ತೆ, ಬಸ್ಸು ಒಳಗೆ ಹೋಗುತ್ತೆ, ಹಿಂದಿನದು ಮುಚ್ಚಿಕೊಂಡ ಮೇಲೆ ಮುಂದಿನದು ತೆರೆಯುತ್ತೆ. ಮೊದಲು ಜಿಂಕೆ, ಕಡವೆ. ಆಮೇಲೆ ಕರಡಿ, ಸಿಂಹ, ಹುಲಿ. ಒಂದೊಂದಕ್ಕೂ ಅದರದೇ ಬೇಲಿ, ಅದರದೇ ಗೇಟು. ಹೆಚ್ಚು ಕಡಿಮೆ ಒಂದು ಗಂಟೆಯಲ್ಲಿ ಮುಗೀತು. ಇಳಿದ ಕೂಡಲೇ ನಮ್ಮ ಹುಡುಗನೊಬ್ಬ ಸ್ಟೇಟಸ್ ಹಾಕಿದ: ‘ಕಾಡಿನಲ್ಲಿ ಒಂದು ದಿನ’.

ಕಾಡಲ್ಲಿ ಸಿಂಹ ಎಲ್ಲಿಂದ ಬಂತು ಅಂತ ಒಬ್ಬರಾದರೂ ಕೇಳಿದಿರಾ? ದಕ್ಷಿಣ ಭಾರತದ ಕಾಡಿನಲ್ಲಿ ಸಿಂಹ ಇಲ್ಲ. ನಮ್ಮ ದೇಶದಲ್ಲಿ ಅದು ತನ್ನಷ್ಟಕ್ಕೆ ಓಡಾಡಿಕೊಂಡಿರುವುದು ಗುಜರಾತಿನ ಗಿರ್ ಕಡೆ. ಹಾಗಾದರೆ ಬನ್ನೇರುಘಟ್ಟದಲ್ಲಿ ಅಷ್ಟೊಂದು ಸಿಂಹ, ಹುಲಿ ಯಾಕೆ? ಅದಕ್ಕೊಂದು ಕಥೆ ಇದೆ. 1998ರಲ್ಲಿ ಕೇಂದ್ರ ಸರ್ಕಾರ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಸರ್ಕಸ್ಸಿನಲ್ಲಿ ಕುಣಿಸಬಾರದು ಎಂದು ಅಧಿಸೂಚನೆ ಹೊರಡಿಸಿತು. ಸರ್ಕಸ್ಸಿನವರು ಕೋರ್ಟಿಗೆ ಹೋದರು. 2001ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಮಾತನ್ನೇ ಎತ್ತಿಹಿಡಿಯಿತು. ಬಿಡುಗಡೆಯಾದ ಪ್ರಾಣಿಗಳು ಹೋಗಬೇಕಾದರೂ ಎಲ್ಲಿಗೆ? ಬೇಟೆ ಗೊತ್ತಿಲ್ಲ, ಮನುಷ್ಯನ ಭಯ ಇಲ್ಲ. ಅಂಥವಕ್ಕೆ ನೆಲೆ ಕೊಟ್ಟ ಜಾಗಗಳಲ್ಲಿ ಬನ್ನೇರುಘಟ್ಟವೂ ಒಂದು. ಅಲ್ಲಿನ ಕರಡಿಗಳಲ್ಲಿ ಎಷ್ಟೋ ಹಿಂದೆ ಮೂಗಿಗೆ ಹಗ್ಗ ಪೋಣಿಸಿಕೊಂಡು ಬೀದಿಯಲ್ಲಿ ಕುಣಿದವು. ನಮ್ಮ ಅಜ್ಜ ಅಜ್ಜಿಯರು ಕಾಸು ಎಸೆದು ನೋಡಿದ್ದರಲ್ಲ, ಆ ಕರಡಿಗಳ ಸಂಬಂಧಿಕರು.

ಅಂದರೆ ಅದು ಒಂದು ಬಗೆಯ ಆಶ್ರಮ. ನನಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ, ಗೌರವವೇ ಇದೆ. ಈಗ ಹೇಳಿ, ಕ್ರಿಸ್ಮಸ್ ಸಮಯದಲ್ಲಿ ಸಿಸ್ಟರ್‌ಗಳ ವೃದ್ಧಾಶ್ರಮಕ್ಕೆ ಕ್ಯಾರಲ್ಸ್ ಹಾಡಲು ಹೋಗುತ್ತೇವಲ್ಲ, ಅಲ್ಲಿ ಮಲಗಿರುವ ಅಜ್ಜನ ಮಂಚಕ್ಕೆ ಬಡಿದು ‘ಏಳೋ, ಎದ್ದು ನಿಲ್ಲೋ, ಫೋಟೋ ಬೇಕು’ ಅಂತೀವಾ? ಹೋದ ವರ್ಷ ನಮ್ಮ ಬಸ್ಸಿನಲ್ಲಿ ನಡೆದದ್ದು ಅದೇ. ಮರದ ನೆರಳಿನಲ್ಲಿ ಮಲಗಿದ್ದ ಸಿಂಹಕ್ಕೆ ಐದಾರು ಜನ ಒಟ್ಟಿಗೆ ಸಿಳ್ಳೆ ಹಾಕಿದರು. ಒಬ್ಬ ಬಸ್ಸಿನ ಬದಿಗೆ ಬಡಿದ. ಚಾಲಕರು ಎರಡು ಸಲ ಸುಮ್ಮನಿರಿ ಎಂದರೂ ಕೇಳಲಿಲ್ಲ. ಸಿಂಹ ಕಣ್ಣು ಬಿಟ್ಟು ನೋಡಿ ಮತ್ತೆ ಮುಚ್ಚಿಕೊಂಡಿತು. ‘ದುಡ್ಡು ವೇಸ್ಟು ಗುರೂ’ ಅಂದವನು ಯಾರು ಅಂತ ಅವನಿಗೇ ಗೊತ್ತು. ನಾನು ಮುಂದಿನ ಸೀಟಿನಲ್ಲಿ ಕೂತು ಏನೂ ಹೇಳಲಿಲ್ಲ, ಅದು ನನ್ನ ತಪ್ಪು. 2025ರ ಆಗಸ್ಟ್‌ನಲ್ಲಿ ಅದೇ ಉದ್ಯಾನದಲ್ಲಿ ಸಫಾರಿ ಜೀಪಿನಲ್ಲಿದ್ದ ಹುಡುಗನ ಕೈಯನ್ನು ಚಿರತೆ ಕಿಟಕಿಯಿಂದಲೇ ಪರಚಿದ ವಿಡಿಯೋ ನೀವೆಲ್ಲ ನೋಡಿದ್ದೀರಿ, ಹಂಚಿಕೊಂಡಿದ್ದೀರಿ. ಅಷ್ಟಾದರೂ ನೆನಪಿರಲಿ.

ಇದು ಸಣ್ಣ ಮಾತು. ದೊಡ್ಡದು ಬೇರೆ ಇದೆ.

ಬನ್ನೇರುಘಟ್ಟ ಅಂದರೆ ಒಂದಲ್ಲ, ಎರಡು. 1974ರಲ್ಲಿ ಘೋಷಣೆಯಾದ ರಾಷ್ಟ್ರೀಯ ಉದ್ಯಾನ ಒಂದು, ಅದು ನಿಜವಾದ ಕಾಡು, ಈಗ ಸುಮಾರು 260 ಚದರ ಕಿಲೋಮೀಟರ್. ಮೃಗಾಲಯ, ಸಫಾರಿ, ಚಿಟ್ಟೆ ಪಾರ್ಕು ಇರುವ ಜೈವಿಕ ಉದ್ಯಾನ ಇನ್ನೊಂದು, 2002ರಲ್ಲಿ ಬೇರೆ ಮಾಡಿದ್ದು. ನಾವು ಟಿಕೆಟ್ ಕೊಂಡು ನೋಡುವುದು ಎರಡನೆಯದನ್ನು. ಮೊದಲನೆಯದು ಟಿಕೆಟ್ ಇಲ್ಲದೆ ನಮ್ಮ ಹೊಲಕ್ಕೇ ಬರುತ್ತೆ.

ಈ ಸಾಲು ಓದಿ ಜವಳಗಿರಿ, ತಳಿ, ಡೆಂಕಣಿಕೋಟೆ ಕಡೆಯ ಮನೆಗಳವರು ನಗುತ್ತಿರಬಹುದು, ಅಥವಾ ನಗದೇ ಇರಬಹುದು. ಬನ್ನೇರುಘಟ್ಟದ ಕಾಡು ಕರ್ನಾಟಕದ ಗಡಿಗೆ ಬಂದು ನಿಲ್ಲುವುದಿಲ್ಲ. ಅದು ತಳಿ ಕಾಡಾಗಿ, ಜವಳಗಿರಿ ಕಾಡಾಗಿ, ಮುಂದೆ ಕಾವೇರಿ ಕಣಿವೆವರೆಗೂ ಹೋಗುತ್ತೆ. ಆನೆಗಳು ತಲೆಮಾರುಗಳಿಂದ ನಡೆದಾಡುವ ದಾರಿಗಳಲ್ಲಿ ಎರಡಕ್ಕೆ ನಮ್ಮ ಊರುಗಳ ಹೆಸರೇ ಇದೆ: ತಳಿ ಕಾರಿಡಾರ್, ಬಿಳಿಕಲ್–ಜವಳಗಿರಿ ಕಾರಿಡಾರ್. ತಮಿಳುನಾಡು ಸರ್ಕಾರ 2014ರಲ್ಲಿ ನಮ್ಮ ಕಡೆಯ 504 ಚದರ ಕಿಲೋಮೀಟರ್ ಕಾಡನ್ನು ಕಾವೇರಿ ಉತ್ತರ ವನ್ಯಧಾಮ ಎಂದು ಘೋಷಿಸಿತು. ಮನುಷ್ಯನಿಗೆ ಅಲ್ಲಿ ಎರಡು ರಾಜ್ಯ, ಎರಡು ಭಾಷೆಯ ಬೋರ್ಡು, ಎರಡು ಇಲಾಖೆ. ಆನೆಗೆ ಒಂದೇ ಕಾಡು. ಈ ವಿಷಯದಲ್ಲಿ ಅದೂ ನಮ್ಮ ಹಾಗೇ ಗಡಿನಾಡಿನವರು ಅಂತ ಇಟ್ಟುಕೊಳ್ಳಿ.

ರಾಗಿ ತೆನೆ ಬಲಿಯುವ ಹೊತ್ತಿಗೆ, ಅಕ್ಟೋಬರ್ ಕಳೆದ ಮೇಲೆ, ಅವು ಗುಂಪು ಗುಂಪಾಗಿ ಈ ಕಡೆ ಇಳಿಯುತ್ತವೆ. ಒಂದು ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ಕಾಡಿನಲ್ಲಿ ಅಷ್ಟು ಹುಡುಕಿ ತಿನ್ನಲು ದಿನವೆಲ್ಲ ನಡೆಯಬೇಕು, ಬಲಿತ ರಾಗಿ ಹೊಲದಲ್ಲಿ ಒಂದೇ ಕಡೆ ಸಿಗುತ್ತೆ. ಬೆಂಗಳೂರಿನ ಸಂಶೋಧಕರಾದ ನಿಶಾಂತ್ ಶ್ರೀನಿವಾಸಯ್ಯ, ರಾಮನ್ ಸುಕುಮಾರ್ ಮತ್ತಿತರರು 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ, ದಕ್ಷಿಣ ಭಾರತದ ಗಂಡಾನೆಗಳ ಬಗ್ಗೆ. ಸಾಮಾನ್ಯವಾಗಿ ಒಂಟಿಯಾಗಿ ತಿರುಗುವ ಗಂಡಾನೆಗಳು, ಅದರಲ್ಲೂ ಹರೆಯದವು, ಹೊಲ ಊರು ಹೆಚ್ಚಿರುವ ಕಡೆ ಗಂಡುಗಳದೇ ಗುಂಪು ಕಟ್ಟಿಕೊಂಡು ವರ್ಷಗಟ್ಟಲೆ ಒಟ್ಟಿಗಿರುತ್ತವೆ ಎಂದು ಅವರು ತೋರಿಸಿದರು. ಮನುಷ್ಯರ ನಡುವೆ ಬದುಕುವುದು ಅಪಾಯ, ಜೊತೆ ಇದ್ದರೆ ಧೈರ್ಯ. (ನಮ್ಮ ಹುಡುಗರೂ ಬಸ್ಸಿನ ಹಿಂದಿನ ಸೀಟಿನಲ್ಲಿ ಹಾಗೇ ತಾನೆ.) ಬಿಎಸ್ಸಿಯಲ್ಲಿ ಮೂರು ವರ್ಷ ಪುಸ್ತಕದ ಆನೆ ಓದಿದೆ. ನನ್ನ ತಾಲ್ಲೂಕಿನ ಆನೆ ಹೊಸ ನಡವಳಿಕೆ ಕಲಿತಿದೆ ಅನ್ನೋದು ತಿಳಿದಿದ್ದು ಡಿಗ್ರಿ ಮುಗಿದ ಮೇಲೆ.

ಹೋದ ವರ್ಷ ಸಫಾರಿಗೆ ಹೋಗಿ ಬಂದ ನಾಲ್ಕನೇ ದಿನ ನಮ್ಮ ಧರ್ಮಕೇಂದ್ರದ ಒಂದು ಕುಟುಂಬದ ಒಂದೂವರೆ ಎಕರೆ ರಾಗಿ ಒಂದೇ ರಾತ್ರಿಯಲ್ಲಿ ಹೋಯಿತು. ಹೆಸರು ಬೇಡ, ನಿಮಗೆ ಗೊತ್ತು. ಕುಯ್ಲಿಗೆ ಆಳು ಹೇಳಿಯಾಗಿತ್ತು. ಆ ಮನೆಯ ದೊಡ್ಡಪ್ಪ ಇಪ್ಪತ್ತು ದಿನದಿಂದ ಅಟ್ಟಣೆ ಮೇಲೆ ಮಲಗುತ್ತಿದ್ದರು, ಟಾರ್ಚು, ತಮಟೆ ಇಟ್ಟುಕೊಂಡು. ಆ ರಾತ್ರಿ ಜ್ವರ ಅಂತ ಮನೆಯಲ್ಲಿ ಮಲಗಿದರು. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು, ಅಟ್ಟಣೆಯೂ ಬೆಳಿಗ್ಗೆ ನೆಲದ ಮೇಲಿತ್ತು. ನಾನು ಹೋದಾಗ ದೊಡ್ಡಮ್ಮ ತುಳಿದ ತೆನೆಗಳನ್ನು ಮಡಿಲಿಗೆ ಆಯ್ದುಕೊಳ್ಳುತ್ತಿದ್ದರು. ‘ತಿಂದಿದ್ದಕ್ಕೆ ಬೇಜಾರಿಲ್ಲ ಮಗಾ, ತುಳಿದಿದ್ದು ನೋಡೋಕಾಗಲ್ಲ’ ಅಂದರು.

ಅದೇ ಬೆಳಿಗ್ಗೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಏನು ಬಂತು ನೆನಪಿದೆಯಾ? ನಾಲ್ಕು ದಿನದ ಹಿಂದೆ ಉದ್ಯಾನದ ಆನೆಗಳ ಮುಂದೆ ಸೆಲ್ಫಿ ತೆಗೆದು ‘ಸೋ ಕ್ಯೂಟ್’ ಎಂದು ಹಾಕಿದ್ದ ಕೈಗಳೇ ‘ಇವುಗಳಿಗೆ ಗುಂಡು ಹಾಕಬೇಕು’ ಎಂದು ಬರೆದವು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಇನ್ನೊಬ್ಬರು, ‘ಕಾಡು ಒತ್ತುವರಿ ಮಾಡಿದರೆ ಆನೆ ಬರದೆ ಇನ್ನೇನು’ ಎಂದರು. ಆ ಹೊಲ ಅವರ ತಾತನ ಕಾಲದ ಪಟ್ಟಾ ಜಮೀನು. ದೊಡ್ಡಪ್ಪನ ಮನೆಗೆ ಹೋಗಿದ್ದು ಗುಂಪಿನಿಂದ ಮೂರೇ ಜನ. ಆ ಉದ್ಯಾನದ ಸಾಕಾನೆಗಳನ್ನು ರಾತ್ರಿ ಪಕ್ಕದ ಕಾಡಿನಲ್ಲಿ ಮೇಯಲು ಬಿಡುತ್ತಾರೆ, ಕಾಡಿನ ಸಲಗಗಳು ಅವುಗಳ ಜೊತೆ ಸೇರುತ್ತವೆ, ಮರಿಗಳೂ ಆಗುತ್ತವೆ. ಅಂದರೆ ನೀವು ಮುದ್ದಿನಿಂದ ಫೋಟೋ ತೆಗೆದ ಮರಿಯ ಅಪ್ಪನೇ ಗಡಿ ದಾಟಿ ರಾಗಿ ತಿನ್ನಲು ಬಂದಿರಬಹುದು. ಬೇಲಿಯ ಈ ಕಡೆ ಇದ್ದರೆ ಮುದ್ದು, ಆ ಕಡೆ ಇದ್ದರೆ ರೌಡಿ! ಸಫಾರಿ ಒಂದು ಗಂಟೆಯಲ್ಲಿ ನಮಗೆ ಕಲಿಸಿದ್ದು ಇಷ್ಟೇ ಆದರೆ ಅದನ್ನು ‘ಅಧ್ಯಯನ’ ಅನ್ನಬೇಡಿ.

ಇನ್ನೊಂದು ಲೆಕ್ಕ ಹೇಳಿಬಿಡುತ್ತೇನೆ. ರಾಷ್ಟ್ರೀಯ ಉದ್ಯಾನದ ಸುತ್ತ ಗಣಿಗಾರಿಕೆ, ದೊಡ್ಡ ಕಟ್ಟಡಗಳಿಗೆ ಕಡಿವಾಣ ಹಾಕುವ ಪರಿಸರ ಸೂಕ್ಷ್ಮ ವಲಯ ಅಂತ ಒಂದಿರುತ್ತದೆ. 2016ರ ಕರಡಿನಲ್ಲಿ ಬನ್ನೇರುಘಟ್ಟಕ್ಕೆ ಅದು 268.96 ಚದರ ಕಿಲೋಮೀಟರ್ ಇತ್ತು. 2020ರ ಅಂತಿಮ ಅಧಿಸೂಚನೆಯಲ್ಲಿ 168.84ಕ್ಕೆ ಇಳಿಯಿತು. ನೂರು ಚದರ ಕಿಲೋಮೀಟರ್ ಕಾಗದದ ಮೇಲೆ ಕರಗಿತು. ಬೆಂಗಳೂರಿನಲ್ಲಿ ಕೆಲವರು ಪ್ರತಿಭಟಿಸಿದರು. ಆ ಕಾಡಿನ ಇನ್ನೊಂದು ಅಂಚಿನಲ್ಲಿರುವ ನಮಗೆ ಸುದ್ದಿಯೇ ತಿಳಿಯಲಿಲ್ಲ. ಜಿಗಣಿ ರಸ್ತೆಯಲ್ಲಿ ಹೋಗುವಾಗ ಎರಡೂ ಬದಿ ನೋಡಿ, ಲೇಔಟುಗಳ ಬೋರ್ಡಿನ ಮೇಲೆಲ್ಲ ಆನೆ, ಚಿಟ್ಟೆ, ಹಸಿರು ಎಲೆ. ಆ ಕಡೆ ಜಾಗ ಕಡಿಮೆಯಾದಷ್ಟೂ ಆನೆ ಈ ಕಡೆ ತಿರುಗುತ್ತೆ. ಅದರ ಬೆಲೆಯನ್ನು ನಮ್ಮ ದೊಡ್ಡಪ್ಪನಂಥವರು ರಾಗಿಯಲ್ಲಿ ಕಟ್ಟುತ್ತಾರೆ. ಹೊಟ್ಟೆ ತುಂಬಿ ಮಲಗಿದ ಸಿಂಹವನ್ನು ಬಸ್ಸಿನಿಂದ ನೋಡಿ ಬಂದವನಿಗೆ ಕಾಡು ಸುಖವಾಗಿಯೇ ಇದೆ ಅನ್ನಿಸುತ್ತದೆ. ನನಗೆ ಸಿಟ್ಟಿರುವುದು ಈ ಸಮಾಧಾನದ ಮೇಲೆ.

ಸಭೆಯಲ್ಲಿ ನನಗೆ ಬಂದ ಉತ್ತರಗಳನ್ನೂ ಬರೆಯಬೇಕು, ಇಲ್ಲದಿದ್ದರೆ ಅನ್ಯಾಯ. ‘ಟಿಕೆಟ್ ದುಡ್ಡಿನಿಂದಲೇ ಆ ಪ್ರಾಣಿಗಳಿಗೆ ಊಟ ಅಲ್ವಾ?’ ಹೌದು, ಒಪ್ಪಿದೆ. ‘ನಿಜವಾದ ಕಾಡಿಗೆ ಐವತ್ತು ಮಕ್ಕಳನ್ನು ಕರೆದುಕೊಂಡು ಹೋಗ್ತೀಯಾ?’ ಖಂಡಿತ ಇಲ್ಲ, ಹೋಗಲೂಬಾರದು. ಒಬ್ಬರು ಆಂಟಿ ಹೇಳಿದ್ದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ: ‘ಐವತ್ತೆಂಟು ವರ್ಷಕ್ಕೆ ಮೊದಲ ಸಲ ಹುಲಿ ನೋಡಿದೆ ಕಣಪ್ಪಾ, ದೇವರು ಎಷ್ಟು ಚೆಂದ ಮಾಡವ್ನೆ ಅನ್ನಿಸ್ತು.’ ಆ ಬಸ್ಸಿನಲ್ಲಿ ಸರಿಯಾಗಿ ನೋಡಿದವರು ಅವರೊಬ್ಬರೇ ಇರಬೇಕು. ಅವರಿಗಾಗಿಯಾದರೂ ಬಸ್ಸು ಹೋಗಲಿ.

ಆದ್ದರಿಂದ ನನ್ನ ಕೇಳಿಕೆ ಇಷ್ಟು. ಫಾದರ್ ಹತ್ತಿರವೂ ಹೇಳಿದ್ದೇನೆ, ‘ಯುವಜನರೇ ತೀರ್ಮಾನ ಮಾಡಲಿ’ ಅಂದಿದ್ದಾರೆ. ಬೋರ್ಡಿನ ಮೇಲಿನ ಹೆಸರು ಅಳಿಸಿ ‘ಬನ್ನೇರುಘಟ್ಟ ಪ್ರವಾಸ’ ಎಂದು ಬರೆಯಿರಿ. ಬಸ್ಸಿನಲ್ಲಿ ಸಿಳ್ಳೆ ಹಾಕಿದವನನ್ನು ಮುಂದಿನ ಸಲ ಕರೆದೊಯ್ಯುವುದಿಲ್ಲ, ನನ್ನ ತಮ್ಮನಾದರೂ ಸರಿ. ಮತ್ತೆ, ಅಧ್ಯಯನ ಮಾಡಲೇಬೇಕು ಅನ್ನುವವರಿಗೆ ಎರಡನೇ ದಿನ ಒಂದಿರಲಿ. ‘ಲೌದಾತೋ ಸಿ’ ಪತ್ರದ ಬಗ್ಗೆ ಮೂರು ವಾರ ತರಗತಿ ನಡೆಸಿ ನಾವು ಬರೆದ ಚಾರ್ಟು ಸಭಾಂಗಣದ ಗೋಡೆಯ ಮೇಲೆ ಇನ್ನೂ ಇದೆ, ಒಂದು ಮೂಲೆ ಹರಿದಿದೆ. ಅದನ್ನು ಅಂಟಿಸುವುದಕ್ಕಿಂತ ದೊಡ್ಡಪ್ಪನ ಹೊಲದಲ್ಲಿ ಒಂದು ದಿನ ಕುಡುಗೋಲು ಹಿಡಿಯೋಣ. ಕುಯ್ಲು ನಾಲ್ಕು ದಿನದ ಬದಲು ಒಂದೇ ದಿನಕ್ಕೆ ಮುಗಿದರೆ ಅವರು ಮೂರು ರಾತ್ರಿ ಕಡಿಮೆ ಕಾಯುತ್ತಾರೆ. ಹೋದ ವರ್ಷದ ಪರಿಹಾರದ ಅರ್ಜಿಗೆ ಯಾವ್ಯಾವ ಫೋಟೋ, ಯಾವ್ಯಾವ ಕಾಗದ ಬೇಕು ಎಂದು ನಾನು ವಿಚಾರಿಸಿಕೊಂಡಿದ್ದೇನೆ. ಫೋನು ಚೆನ್ನಾಗಿ ಬಳಸುವವರು ಬಂದರೆ ಆ ಕೆಲಸವೂ ಆಗುತ್ತೆ.

ಸಫಾರಿಗೆ ಹೆಸರು ಕೊಟ್ಟವರು ಈಗಾಗಲೇ ನಲವತ್ತೇಳು ಜನ, ಮಂಗಳವಾರ ಉದ್ಯಾನಕ್ಕೆ ರಜೆ, ಆದ್ದರಿಂದ ಶನಿವಾರವೇ ಹೋಗುತ್ತೇವೆ. ಕುಯ್ಲು ಆಗಮನ ಕಾಲದ ಎರಡನೇ ಭಾನುವಾರ, ಬೆಳಗಿನ ಪೂಜೆ ಆದ ಕೂಡಲೇ. ಅದರ ಹಾಳೆಯಲ್ಲಿ ಸದ್ಯಕ್ಕೆ ಐದು ಹೆಸರಿದೆ, ಒಂದು ನನ್ನದು, ಒಂದು ಆ ಆಂಟಿಯದು. ಹಾಳೆ ಸಭಾಂಗಣದ ಬಾಗಿಲ ಹತ್ತಿರ ನೇತಾಡುತ್ತಿದೆ, ಪೆನ್ನು ದಾರಕ್ಕೆ ಕಟ್ಟಿದ್ದೇನೆ. ತುಂಬು ತೋಳಿನ ಅಂಗಿ, ತಲೆಗೊಂದು ಟವೆಲ್ಲು ತನ್ನಿ. ಊಟ ದೊಡ್ಡಮ್ಮನದು, ಮುದ್ದೆ ಮತ್ತು ಅವರೆಕಾಳು ಸಾರು. ಸಂಜೆ ಐದಕ್ಕೆ ಎಲ್ಲರೂ ವಾಪಸ್ಸು ಹೊರಡಲೇಬೇಕು, ಕತ್ತಲಾದ ಮೇಲೆ ಒಬ್ಬರೂ ಅಲ್ಲಿ ನಿಲ್ಲುವಂತಿಲ್ಲ.