ಇಟ್ಟಿಗೆ ಸ್ಟಿಕ್ಕರ್ ಬೇಡ ಕಣ್ರೋ! (ಪುಟಾಣಿ ಸ್ಟೇಷನ್ – ಭಾಗ 4)

"ಇಟ್ಟಿಗೆ ಡಿಸೈನ್ ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿದ್ರೆ ಒಂದೇ ಸಂಜೆ ಕೆಲಸ ಅಲ್ವಾ?" ಕ್ಲಾಸ್‌ನಲ್ಲಿ ಎಲ್ಲರದ್ದೂ ಇದೇ ಪ್ರಶ್ನೆ. ನನ್ನ ಉತ್ತರ: ನಮ್ಮ ಸ್ಕೇಲ್‌ಗೆ ಅದು ಆಗಲ್ಲ.

ಎಚ್‌ಒ ಸ್ಕೇಲ್ ಅಂದ್ರೆ 1:87. ಅಲ್ಲಿ 3 ಇಂಚು ಎತ್ತರದ ಇಟ್ಟಿಗೆ 1 ಮಿ.ಮೀ.ಗೂ ಕಡಿಮೆ. ಪ್ರಿಂಟ್ ಸಾಕು. ನಮ್ಮದು 1:22.5. ಇದರ 45 ಮಿ.ಮೀ. ಹಳಿ ಮೀಟರ್ ಗೇಜ್‌ಗೆ ಸರಿಯಾಗಿ ಕೂರುತ್ತೆ. ಬೆಂಗಳೂರು–ಮೈಸೂರು ಲೈನ್ ಕೂಡ ಒಂದು ಕಾಲಕ್ಕೆ ಮೀಟರ್ ಗೇಜೇ, ಅದಕ್ಕೇ ಈ ಸ್ಕೇಲ್. ಇಲ್ಲಿ 9 ಇಂಚಿನ ಇಟ್ಟಿಗೆ 1 ಸೆಂ.ಮೀ. ಉದ್ದ, 3.4 ಮಿ.ಮೀ. ಎತ್ತರ. ಪಕ್ಕದಿಂದ ಬೆಳಕು ಬಿದ್ರೆ ಸ್ಟಿಕ್ಕರ್ ಬಣ್ಣ ಬಯಲು!

ಇನ್ನೂ ದೊಡ್ಡ ತೊಂದರೆ ಡಿಸೈನ್‌ನಲ್ಲೇ ಇದೆ. ರೆಡಿಮೇಡ್ ಪ್ರಿಂಟ್‌ಗಳಲ್ಲಿ ಸಾಮಾನ್ಯವಾಗಿ ಎಲ್ಲಾ ಸಾಲಲ್ಲೂ ಇಟ್ಟಿಗೆಯ ಉದ್ದ ಬದಿಯೇ ಕಾಣುತ್ತೆ. ಅದು ನಾಲ್ಕೂವರೆ ಇಂಚಿನ ಗೋಡೆಯ ಗುರುತು. ಇವತ್ತಿನ ಅಪಾರ್ಟ್‌ಮೆಂಟ್‌ನಲ್ಲಿ ಭಾರ ಹೊರೋದು ಕಾಂಕ್ರೀಟ್ ಕಂಬ, ಹಾಗಾಗಿ ತೆಳು ಗೋಡೆ ನಡೆಯುತ್ತೆ. ಹಳೇ ಕಟ್ಟಡದಲ್ಲಿ ಹೆಂಚಿನ ಛಾವಣಿ ಹೊರೋದು ಗೋಡೆಯೇ. ಅದಕ್ಕೆ ದಪ್ಪ ಬೇಕು, ಒಳಗೂ ಹೊರಗೂ ಹಿಡಿದು ಕಟ್ಟೋ ಅಡ್ಡ ಇಟ್ಟಿಗೆ ಬೇಕು. ಇಂಗ್ಲಿಷ್ ಬಾಂಡ್‌ನಲ್ಲಿ ಒಂದು ಸಾಲು ಉದ್ದ ಬದಿ, ಮುಂದಿನ ಸಾಲು ಬರೀ ತುದಿ. ಹೊರಗೋಡೆ ಬರೀ ಮೇಕಪ್ ಅಲ್ಲ ಗುರು, ಕಟ್ಟಡ ಹೇಗೆ ನಿಂತಿದೆ ಅಂತ ಹೇಳೋದೇ ಅದು.

ಹಾಗಾದ್ರೆ ಮಾಡೋದು ಹೇಗೆ? 5 ಮಿ.ಮೀ. ಸನ್‌ಬೋರ್ಡ್ ಮೂರು ಪದರ ಅಂಟಿಸಿ. 15 ಮಿ.ಮೀ. ಅಂದ್ರೆ ನಿಜದಲ್ಲಿ ಸುಮಾರು ಹದಿಮೂರೂವರೆ ಇಂಚು, ಒಂದೂವರೆ ಇಟ್ಟಿಗೆ ಗೋಡೆ. ಕಿಟಕಿ ಚೌಕಟ್ಟನ್ನ ಮೊದಲ ಪದರದ ಹಿಂದೆ ಕೂರಿಸಿ, ಅರ್ಧ ಇಟ್ಟಿಗೆಯಷ್ಟು ಒಳಗೆ ಹೋಗುತ್ತೆ. ನೆರಳು ತಾನಾಗೇ ಬರುತ್ತೆ. ಹೊರ ಪದರದ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ಕಟ್ಟರ್ ಬೆನ್ನಿಂದ ಗೀರಿ. ಒಂದು ಮುಖದ ಉದ್ದ ಸಾಲು ಮೂಲೆ ತಿರುಗಿದ ಮೇಲೆ ತುದಿ ಸಾಲಾಗಬೇಕು, ಮರೀಬೇಡಿ. ಇಟ್ಟಿಗೆ ಬಣ್ಣ ಒಣಗಿದ ಮೇಲೆ ತೆಳು ಬಿಳಿ ಬಣ್ಣ ಬಳಿದು ತಕ್ಷಣ ಬಟ್ಟೆಯಲ್ಲಿ ಒರೆಸಿ. ಗೀರುಗಳಲ್ಲಿ ಉಳಿದದ್ದೇ ಗಾರೆ.

ಟೈಮ್ ಹಿಡಿಯುತ್ತೆ, ನಿಜ. 5 ಮೀಟರ್ ಉದ್ದ, 4 ಮೀಟರ್ ಎತ್ತರದ ಗೋಡೆ ನಮ್ಮಲ್ಲಿ 22 × 18 ಸೆಂ.ಮೀ. ಅಷ್ಟರಲ್ಲೇ ಸುಮಾರು 47 ಸಾಲು. ಯಾರಿಗೂ ಕಾಣದ ಹಿಂದಿನ ಗೋಡೆಗೆ ಬೇಕಾದ್ರೆ ಪ್ರಿಂಟ್ ಹಾಕಿ, ನಂದೇನೂ ತಕರಾರಿಲ್ಲ. ಪೂರ್ತಿ ಗಾರೆ ಮೆತ್ತಿದ ಗೋಡೆಯಾದ್ರೆ ಗೀರೋದೇ ಬೇಡ, ದಪ್ಪ ಮಾತ್ರ ಬಿಡಬೇಡಿ.

ಆದ್ರೆ ಜನ ನಿಂತು ನೋಡೋ ಮುಂಭಾಗ? ಕಂಬದ ಮನೆಯಲ್ಲೇ ಬೆಳೆದ ಪುಟ್ಟ ಹುಡುಗ ಹುಡುಗೀರು ಭಾರ ಹೊರೋ ಗೋಡೆಯನ್ನ ಮೊದಲ ಸಲ ಗಮನಿಸೋದು ನಮ್ಮ ಮಾಡೆಲ್‌ನಲ್ಲೇ ಇರಬಹುದು. ಅವರಿಗೆ ಸುಳ್ಳು ಗೋಡೆ ತೋರಿಸೋದು ಬೇಡ.

ಈ ವಾರದ ಹೋಂವರ್ಕ್: ನಿಮ್ಮೂರಿನ ಹಳೇ ಕಟ್ಟಡದಲ್ಲಿ ಗಾರೆ ಉದುರಿದ ಜಾಗ ಹುಡುಕಿ. ಎಷ್ಟು ಸಾಲಿಗೊಮ್ಮೆ ಇಟ್ಟಿಗೆಯ ತುದಿ ಕಾಣುತ್ತೆ, ಎಣಿಸಿ ಹೇಳಿ.

#ಪುಟಾಣಿಸ್ಟೇಷನ್ #ಮೀಟರ್‌ಗೇಜ್ #ಕೈಕೆಲಸ