ಭೂತಬಂಗಲೆಯ ಖಾತೆ ಯಾರ ಹೆಸರಲ್ಲಿದೆ?

"ಆ ಹಳೇ ದೆವ್ವದ ಕತೆಗಳನ್ನ ಈಗ್ಯಾಕೆ ಓದ್ತೀಯೋ, ಒಂಚೂರೂ ಹೆದರಿಕೆ ಆಗಲ್ಲ" ಅಂತ ಗೆಳೆಯರು ಆಗಾಗ ಕಿಚಾಯಿಸ್ತಾರೆ. ಅವರು ಹೇಳೋದೂ ಸುಳ್ಳಲ್ಲ. ಪಾಳು ಬಂಗಲೆ, ಕಿರ್ರೆನ್ನೋ ಬಾಗಿಲು, ತಾನಾಗೇ ಆರಿಹೋಗೋ ದೀಪ.. ಟೀವಿಯಲ್ಲಿ ಇದನ್ನೆಲ್ಲ ನೋಡಿ ನೋಡಿ, ಈಗ ಬಾಗಿಲು ಕಿರ್ರೆಂದರೆ "ಸ್ವಲ್ಪ ಎಣ್ಣೆ ಬಿಡ್ರಯ್ಯಾ" ಅನ್ನಿಸುತ್ತೆ ಅಷ್ಟೆ.

ಆದರೂ ಈ ಕತೆಗಳು ನಮ್ಮನ್ನ ಬಿಡಲ್ಲ. ಯಾಕೆ? ನನಗೆ ಅನ್ನಿಸೋದು ಇಷ್ಟು: ಒಳ್ಳೆಯ ಭೂತಬಂಗಲೆಯ ಕತೆ ದೆವ್ವದ ಕತೆಯೇ ಅಲ್ಲ, ಖಾತೆಯ ಕತೆ. ಈ ಮನೆ ಯಾರದು ಅನ್ನೋ ಜಗಳವೇ ಅದರ ಜೀವ.

ಶುರುವಿಂದಲೇ ನೋಡಿ. ಇಂಗ್ಲಿಷಿನಲ್ಲಿ ಈ ಬಗೆಯ ಕಾದಂಬರಿಗಳಿಗೆ ಮೂಲ ಅನ್ನಿಸಿಕೊಂಡಿರೋದು ಹೊರೇಸ್ ವಾಲ್‌ಪೋಲನ 'ದ ಕ್ಯಾಸಲ್ ಆಫ್ ಒಟ್ರಾಂಟೊ', 1764ರದ್ದು. ಮದುವೆಯ ದಿನವೇ ರಾಜಕುಮಾರನ ಮೇಲೆ ದೈತ್ಯಗಾತ್ರದ ಶಿರಸ್ತ್ರಾಣ ಬಿದ್ದು ಅವನು ಸಾಯ್ತಾನೆ. ಈಗ ಓದಿದರೆ ನಗು ಬರುತ್ತೆ. ಆದರೆ ಇಷ್ಟೆಲ್ಲ ಯಾಕಾಗ್ತಿದೆ? ದೊರೆ ಮ್ಯಾನ್‌ಫ್ರೆಡನ ತಾತ, ನಿಜವಾದ ಒಡೆಯನಿಗೆ ವಿಷ ಹಾಕಿ ಕೋಟೆ ಹೊಡೆದುಕೊಂಡಿದ್ದ. ಅಂದರೆ ದೆವ್ವ ಬಂದಿರೋದು ಆಸ್ತಿ ಕೇಳೋಕೆ! 1851ರಲ್ಲಿ ಅಮೆರಿಕದ ಹಾಥಾರ್ನ್ ಬರೆದ 'ದ ಹೌಸ್ ಆಫ್ ದ ಸೆವೆನ್ ಗೇಬಲ್ಸ್'ನಲ್ಲೂ ಇದೇ ಕತೆ. ಬಡವನ ಜಾಗದ ಮೇಲೆ ಕಣ್ಣಿಟ್ಟ ಕರ್ನಲ್ ಒಬ್ಬ, ಅವನ ಮೇಲೆ ಮಾಟದ ಆರೋಪ ಬಂದಾಗ ಗಲ್ಲಿಗೇರಿಸೋಕೆ ಮುಂದೆ ನಿಂತು, ಅದೇ ಜಾಗದಲ್ಲಿ ಮನೆ ಕಟ್ಟಿಸ್ತಾನೆ. ಗೃಹಪ್ರವೇಶಕ್ಕೆ ನೆಂಟರೆಲ್ಲ ಬಂದು ನೋಡಿದರೆ ಯಜಮಾನ ಕುರ್ಚಿಯಲ್ಲೇ ಹೆಣ!

ಮುಂದೆ ಜಗಳ ಇನ್ನೂ ಸೂಕ್ಷ್ಮವಾಗುತ್ತೆ. ಹೆನ್ರಿ ಜೇಮ್ಸನ 'ದ ಟರ್ನ್ ಆಫ್ ದ ಸ್ಕ್ರೂ' (1898) ತಗೊಳ್ಳಿ. ಯಜಮಾನ ಇರೋದು ಲಂಡನ್ನಿನಲ್ಲಿ, ಏನೇ ಆದರೂ ತನಗೆ ತೊಂದರೆ ಕೊಡಬೇಡಿ ಅಂದುಬಿಟ್ಟಿದ್ದಾನೆ. ಹಳ್ಳಿಯ ಬಂಗಲೆಯಲ್ಲಿ ಇಬ್ಬರು ಮಕ್ಕಳು, ಅವರನ್ನು ನೋಡಿಕೊಳ್ಳೋಕೆ ಬಂದ ಹೊಸ ಟೀಚರಮ್ಮ. ಅವಳಿಗೆ ಕಾಣಿಸೋ ದೆವ್ವಗಳು ಯಾರು ಗೊತ್ತಾ? ಆ ಯಜಮಾನನ ಹಳೇ ಆಳು, ಮತ್ತು ಅವಳಿಗಿಂತ ಮುಂಚೆ ಅದೇ ಕೆಲಸದಲ್ಲಿದ್ದ ಟೀಚರ್. ದೆವ್ವಗಳು ನಿಜವಾ, ಅವಳ ಭ್ರಮೆಯಾ? 1934ರಲ್ಲಿ ಎಡ್ಮಂಡ್ ವಿಲ್ಸನ್ ಭ್ರಮೆ ಅಂತ ವಾದಿಸಿದ ಮೇಲೆ ಈ ಚರ್ಚೆ ಮುಗಿದೇ ಇಲ್ಲ. ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು ಬೇರೆ. ಮನೆಯ ಜವಾಬ್ದಾರಿ ಎಲ್ಲ ಹೊತ್ತವರು, ಮನೆಯಲ್ಲಿ ಒಂದು ಇಟ್ಟಿಗೆಯೂ ತಮ್ಮದಲ್ಲದವರು.. ಕಾಡುವವರೂ ಅವರೇ, ಕಾಡಿಸಿಕೊಳ್ಳುವವಳೂ ಅಂಥವಳೇ.

ಇನ್ನು ಶರ್ಲಿ ಜಾಕ್ಸನ್‌ಳ 'ದ ಹಾಂಟಿಂಗ್ ಆಫ್ ಹಿಲ್ ಹೌಸ್' (1959). ಓದದೇ ಇರೋರು ಈ ಪ್ಯಾರಾ ಹಾರಿಸಿ, ಕೊನೆ ಹೇಳಿಬಿಡ್ತೀನಿ. ಎಲೆನರ್‌ಗೆ ಮೂವತ್ತೆರಡು ವರ್ಷ. ಹನ್ನೊಂದು ವರ್ಷ ಕಾಯಿಲೆಯ ತಾಯಿಯ ಸೇವೆಯಲ್ಲೇ ಕಳೆದಿದ್ದಾಳೆ. ಈಗ ಅಕ್ಕನ ಮನೆಯಲ್ಲಿ, ಮಗುವಿನ ಕೋಣೆಯಲ್ಲಿ ಮಡಚೋ ಮಂಚ. ಹಿಲ್ ಹೌಸಿಗೆ ಬಂದಾಗ ಹೊಸ ಗೆಳತಿಯ ಹತ್ತಿರ ತನಗೊಂದು ಸ್ವಂತ ಅಪಾರ್ಟ್‌ಮೆಂಟ್ ಇದೆ ಅಂತ ಸುಳ್ಳು ಹೇಳ್ತಾಳೆ. ಆ ಸುಳ್ಳಿನಲ್ಲಿರೋ ಆಸೆ ನೋಡಿ! ರಾತ್ರಿ ಬಾಗಿಲು ಬಡಿಯೋ ಸದ್ದು ಎಲ್ಲರಿಗೂ ಕೇಳಿಸುತ್ತೆ, ಆದರೆ ಗೋಡೆ ಮೇಲೆ ಮೂಡೋ ಬರಹದಲ್ಲಿರೋದು ಇವಳ ಹೆಸರು. ಅಷ್ಟು ವರ್ಷದಲ್ಲಿ ಇವಳನ್ನ ಹೆಸರು ಹಿಡಿದು ಬೇಕು ಅಂದಿದ್ದು ಆ ಮನೆ ಒಂದೇ. ಕೊನೆಗೆ ಉಳಿದವರು ವಾಪಸ್ ಕಳಿಸೋಕೆ ನೋಡಿದಾಗ, ಅವಳು ಕಾರನ್ನ ಅಲ್ಲೇ ಮರಕ್ಕೆ ಗುದ್ದಿಬಿಡ್ತಾಳೆ. ನನಗೆ ಭಯ ಆಗಿದ್ದು ಬಾಗಿಲ ಸದ್ದಿಗಲ್ಲ, ಅವಳಿಗೆ ಹೋಗೋಕೆ ಬೇರೆ ಜಾಗವೇ ಇರಲಿಲ್ಲ ಅನ್ನೋದಕ್ಕೆ.

ಇದನ್ನೇ 1963ರಲ್ಲಿ ರಾಬರ್ಟ್ ವೈಸ್ ಸಿನಿಮಾ ಮಾಡಿದಾಗ ದೆವ್ವ ತೋರಿಸಲಿಲ್ಲ. ಬಾಗಿಲು ಉಸಿರಾಡೋ ಹಾಗೆ ಉಬ್ಬುತ್ತೆ, ಅಷ್ಟೆ. 1999ರ ಹೊಸ ಸಿನಿಮಾದಲ್ಲಿ ಗ್ರಾಫಿಕ್ಸ್ ಸುರಿದು ದೆವ್ವವನ್ನೇ ತಂದು ನಿಲ್ಲಿಸಿದರು, ಭಯ ಎದ್ದು ಹೋಯ್ತು. ಖಳನಾಯಕ ಇಂಥವನೇ ಅಂತ ಗೊತ್ತಾದರೆ ಅವನನ್ನ ಓಡಿಸಿದರೆ ಮುಗೀತು. ಎಲೆನರ್‌ಳ ಒಂಟಿತನವನ್ನ ಯಾವ ಮಂತ್ರವಾದಿ ಓಡಿಸ್ತಾನೆ?

"ಕತೆಯನ್ನ ಕತೆಯಾಗಿ ಓದಯ್ಯಾ, ಮಜಾ ತಗೋ" ಅನ್ನೋರಿಗೆ ನನ್ನ ತಕರಾರಿಲ್ಲ. ಆದರೆ ಬೆಚ್ಚಿಬೀಳೋದು ಎರಡು ಸೆಕೆಂಡಿನ ಮಾತು, ಅದಕ್ಕೆ ಅರವತ್ತು ವರ್ಷ ಹಳೇ ಕಾದಂಬರಿ ಬೇಕಿಲ್ಲ. ಹನ್ನೊಂದು ತಿಂಗಳ ಅಗ್ರಿಮೆಂಟಿನಲ್ಲಿ, ಗೋಡೆಗೆ ಮೊಳೆ ಹೊಡೆಯೋಕೂ ಓನರನ್ನ ಕೇಳಿಕೊಂಡು ಬದುಕ್ತಿರೋ ನನ್ನ ವಯಸ್ಸಿನವರಿಗೆ, ಇಪ್ಪತ್ತು ವರ್ಷದ ಇಎಂಐಗೆ ಸಹಿ ಹಾಕಿ "ಈಗ ಮನೆ ನಂದಾ, ನಾನು ಮನೆಯವನಾ" ಅಂತ ಲೆಕ್ಕ ಹಾಕ್ತಿರೋ ಗೆಳೆಯರಿಗೆ, ಈ ಕತೆಗಳು ಬೇರೇನೋ ಕೇಳ್ತವೆ. ನೀನು ಇರೋ ಜಾಗ ನಿನ್ನದಾ? ನಿನಗಿಂತ ಮುಂಚೆ ಇಲ್ಲಿ ಯಾರಿದ್ದರು? ಅವರು ಖುಷಿಯಿಂದ ಬಿಟ್ಟು ಹೋದರಾ?

ದೆವ್ವ ಇದೆಯೋ ಇಲ್ಲವೋ ಆಮೇಲೆ ನೋಡೋಣ. ಈ ಪ್ರಶ್ನೆಗಳಂತೂ ಇವೆ. ನೀವೇನಂತೀರಿ?